ಕನ್ನಂಬಾಡಿ ಕಟ್ಟೆಗೆ ಇಂದಿನ ಬೆಲೆ ಎಷ್ಟು? – ಸಂಪಾದಕರ ಉತ್ತರ

ದೇಶದ ಒಟ್ಟು ಉತ್ಪನ್ನದಲ್ಲಿ ಸುಮಾರು ಹತ್ತನೇ ಒಂದು ಪಾಲು ಸವಕಳಿಗೇ, ಅಂದರೆ ಯಂತ್ರ, ಕಟ್ಟಡಗಳಂಥ ಆಸ್ತಿ ಸವೆದು ಕಳೆದುಕೊಳ್ಳುವ ಬೆಲೆಗೇ, ಸಲ್ಲುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿದ ಪಾಂಡವಪುರದ ಆಲೆಮನೆ ಮಾಲೀಕರೊಬ್ಬರು ಹೀಗೆ ಕೇಳಿದ್ದಾರೆ: ‘ಈ ಸವಕಳಿಯನ್ನು ಯಾವ ತಕ್ಕಡಿಯಲ್ಲಿ ತೂಗಿದಿರಿ? ನನ್ನ ಗಾಣವನ್ನು ನೋಡಲು ಇದುವರೆಗೆ ಯಾರೂ ಬಂದಿಲ್ಲ. ನಿಮ್ಮ ಲೆಕ್ಕದಲ್ಲಿ ಹಳತಾದದ್ದಕ್ಕೆ ಬೆಲೆಯಿಲ್ಲವೆಂದಾದರೆ ಕನ್ನಂಬಾಡಿ ಕಟ್ಟೆಯ ಗತಿಯೇನು?’

ಮಾನ್ಯರೆ,

ನಿಮ್ಮ ಗಾಣವನ್ನು ಯಾರೂ ನೋಡಿಲ್ಲ ಎಂಬುದು ನಿಜ. ಆದರೂ ಅದು ಲೆಕ್ಕಕ್ಕೆ ಸೇರಿದೆ. ಯಂತ್ರಗಳ ಮಟ್ಟಿಗೆ ಅಂಕಿಅಂಶ ಇಲಾಖೆಯವರು ಕೊಂಡವರ ಮನೆಬಾಗಿಲಿಗೆ ಹೋಗುವುದಕ್ಕಿಂತ ಹೆಚ್ಚಾಗಿ, ದೇಶದಲ್ಲಿ ಎಷ್ಟು ತಯಾರಾಯಿತು, ಹೊರಗಿನಿಂದ ಎಷ್ಟು ಬಂತು, ಹೊರಕ್ಕೆ ಎಷ್ಟು ಹೋಯಿತು ಎಂಬುದರಿಂದಲೇ ವರ್ಷದ ಹೂಡಿಕೆಯನ್ನು ಅಂದಾಜು ಮಾಡುತ್ತಾರೆ. ಮನೆಮನೆಗೆ ಹೋಗಿ ಆಸ್ತಿ ಕೇಳುವ ಸಮೀಕ್ಷೆಯೂ ಇದೆ. ‘ಅಖಿಲ ಭಾರತ ಸಾಲ ಮತ್ತು ಹೂಡಿಕೆ ಸಮೀಕ್ಷೆ’ 2019ರಲ್ಲಿ ನಡೆದಿತ್ತು. ಆದರೆ ಅದು ಹಲವು ವರ್ಷಗಳಿಗೊಮ್ಮೆ ನಡೆಯುವಂಥದು.

ಇಡೀ ದೇಶದ ಭೌತಿಕ ಸಂಪತ್ತನ್ನು ಅಳೆಯಲು ಬಳಸುವುದು ನಿರಂತರ ದಾಸ್ತಾನು ವಿಧಾನವನ್ನು. ಅಮೆರಿಕದ ಅರ್ಥಶಾಸ್ತ್ರಜ್ಞ ರೇಮಂಡ್ ಗೋಲ್ಡ್‌ಸ್ಮಿತ್ 1951ರಲ್ಲಿ ಇದಕ್ಕೆ ಸ್ಪಷ್ಟ ರೂಪ ಕೊಟ್ಟರು. ಹಿಂದಿನ ವರ್ಷದ ದಾಸ್ತಾನಿಗೆ ಈ ವರ್ಷದ ಹೂಡಿಕೆಯನ್ನು ಕೂಡಿಸಿ, ಸವೆದದ್ದನ್ನೂ ಮೂಲೆ ಸೇರಿದ್ದನ್ನೂ ಕಳೆಯುವುದು, ಅಷ್ಟೇ. ಕಣಜದೊಳಗೆ ಇಳಿಯದೆ, ಹಾಕಿದ ಮೂಟೆ ಮತ್ತು ತೆಗೆದ ಮೂಟೆಗಳ ಚೀಟಿಯಿಂದಲೇ ಭತ್ತ ಎಷ್ಟಿದೆಯೆಂದು ಹೇಳಿದ ಹಾಗೆ. ಹಾಕಿದ್ದಕ್ಕೆ ಚೀಟಿ ಇರುತ್ತದೆ. ಇಲಿ ತಿಂದದ್ದಕ್ಕೆ ಇರುವುದಿಲ್ಲ; ಅಲ್ಲಿ ಊಹೆಯೇ ಗತಿ. ಆಸ್ತಿ ಎಷ್ಟು ವರ್ಷ ಬಾಳೀತೆಂಬ ಆ ಊಹೆಯ ಹೆಸರು ‘ಆಯಸ್ಸು’.

ನಿಮ್ಮ ಗಾಣವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದನ್ನು 4 ಲಕ್ಷ ರೂಪಾಯಿಗೆ ಕೊಂಡಿರಿ, 10 ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ನಿಮ್ಮ ಲೆಕ್ಕಿಗರು ವರ್ಷಕ್ಕೆ 40 ಸಾವಿರ ಸವಕಳಿ ಬರೆದು, ಐದು ವರ್ಷದ ಕೊನೆಗೆ 2 ಲಕ್ಷ ಉಳಿಸುತ್ತಾರೆ. ಅಷ್ಟರಲ್ಲಿ ಅಂಥದೇ ಹೊಸ ಗಾಣದ ಬೆಲೆ 6 ಲಕ್ಷಕ್ಕೆ ಏರಿದ್ದರೆ, ರಾಷ್ಟ್ರೀಯ ಲೆಕ್ಕದಲ್ಲಿ ಉಳಿದ ಬೆಲೆ 3 ಲಕ್ಷ, ವರ್ಷದ ಸವಕಳಿ 60 ಸಾವಿರ ಆಗುತ್ತದೆ. ಮೊದಲನೆಯದು ಕೊಟ್ಟ ಹಣವನ್ನು ಹಂಚುವ ಕ್ರಮ. ಎರಡನೆಯದು ಸವೆದಷ್ಟನ್ನು ಇಂದಿನ ಬೆಲೆಯಲ್ಲಿ ತುಂಬಿಕೊಳ್ಳಲು ಎಷ್ಟು ಬೇಕೆಂಬ ಪ್ರಶ್ನೆಗೆ ಉತ್ತರ. ಆದಾಯ ತೆರಿಗೆಯವರು ಹೇಳುವ ದರ ಇವೆರಡೂ ಅಲ್ಲದ ಮೂರನೆಯದು. (ನಮ್ಮ ಕಚೇರಿಯ ಕಾಗದ ಕತ್ತರಿಸುವ ಯಂತ್ರದ ಬೆಲೆ ಪುಸ್ತಕದಲ್ಲಿ ಒಂದು ರೂಪಾಯಿ. ಆ ಬೆಲೆಗೆ ಕೇಳಿಕೊಂಡು ಬಂದವರಿಗೆ ನಾವದನ್ನು ಕೊಡುವುದಿಲ್ಲ.)

ಇನ್ನು ಕಟ್ಟೆಯ ವಿಚಾರ. 1911ರಲ್ಲಿ ಕೆಲಸ ಆರಂಭವಾದ, ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ (ಸುಣ್ಣ, ಇಟ್ಟಿಗೆ ಪುಡಿಯ ಗಾರೆ) ಕಟ್ಟಿದ ಆ ಗೋಡೆ 49 ಟಿಎಂಸಿಗೂ ಹೆಚ್ಚು ನೀರನ್ನು ಇಂದಿಗೂ ಹಿಡಿದು ನಿಲ್ಲಿಸುತ್ತಿದೆ. ಇಂಥ ನಿರ್ಮಾಣಕ್ಕೆ ನೂರು ವರ್ಷದ ಆಯಸ್ಸು ಕಟ್ಟಿದರೆ ಮೂಲ ಗೋಡೆಯ ಬೆಲೆ ಕಾಗದದ ಮೇಲೆ ಸೊನ್ನೆಯ ಹತ್ತಿರ ಬಂದಿರುತ್ತದೆ, ಇನ್ನೂರು ಎಂದರೆ ಸುಮಾರು ಅರ್ಧದಷ್ಟು ಉಳಿದಿರುತ್ತದೆ. ಕಲ್ಲು ಅದೇ, ನಾಲೆ ಅದೇ, ಮಂಡ್ಯದ ಗದ್ದೆಗೆ ಹರಿಯುವ ನೀರೂ ಅದೇ. ಆದ್ದರಿಂದ ಬೆಲೆ ಸೊನ್ನೆಯಾಯಿತೆಂದರೆ ಕಟ್ಟೆ ನಿಷ್ಪ್ರಯೋಜಕವಾಯಿತೆಂದಲ್ಲ, ನಾವು ಊಹಿಸಿದ ಆಯಸ್ಸು ತಪ್ಪಿತೆಂದು ಅರ್ಥ.

ಸರ್ಕಾರಿ ಆಸ್ತಿಯಲ್ಲಿ ಇನ್ನೊಂದು ವಿಚಿತ್ರವಿದೆ. ಸರ್ಕಾರದ ಎಷ್ಟೋ ಸೇವೆಗಳಿಗೆ ಮಾರುಕಟ್ಟೆ ಬೆಲೆ ಇಲ್ಲದ ಕಾರಣ ಅವುಗಳ ಉತ್ಪನ್ನವನ್ನು ತಗುಲಿದ ವೆಚ್ಚಗಳ ಮೊತ್ತದಿಂದಲೇ ಅಳೆಯುತ್ತಾರೆ, ಆ ವೆಚ್ಚದಲ್ಲಿ ಸವಕಳಿಯೂ ಒಂದು. ಆದಕಾರಣ ಸರ್ಕಾರಿ ಕಟ್ಟಡಗಳ ಆಯಸ್ಸನ್ನು ಕಡಿಮೆ ಹಿಡಿದರೆ ವಾರ್ಷಿಕ ಸವಕಳಿ ಏರಿ, ಅದರೊಂದಿಗೆ ಒಟ್ಟು ದೇಶೀಯ ಉತ್ಪನ್ನವೂ ಏರುತ್ತದೆ. ಸವಕಳಿ ಕಳೆದು ಉಳಿಯುವ ನಿವ್ವಳ ಉತ್ಪನ್ನ ಮಾತ್ರ ಇದ್ದಲ್ಲೇ ಇರುತ್ತದೆ. ಪತ್ರಿಕೆಗಳು ನಿವ್ವಳ ಅಂಕಿಯನ್ನು ತಲೆಬರಹಕ್ಕೆ ತರುವುದೇ ಇಲ್ಲ. ನಮ್ಮದೂ ಅದರಲ್ಲಿ ಸೇರಿದೆ.

ಈ ಲೆಕ್ಕಕ್ಕೆ ಯಾವುದೆಲ್ಲ ಸೇರುತ್ತದೆ ಎಂಬುದನ್ನೂ ನೋಡೋಣ. ತೋಟದ ತೆಂಗಿನ ಮರ, ಹಾಲು ಕರೆಯುವ ಹಸು, ವಾಸದ ಮನೆ ಸ್ಥಿರ ಬಂಡವಾಳಕ್ಕೆ, ಅಂದರೆ ವರ್ಷಗಟ್ಟಲೆ ಫಲ ಕೊಡುವ ಆಸ್ತಿಗೆ, ಸೇರುತ್ತವೆ. ಗದ್ದೆಯ ಭತ್ತದ ಪೈರು ಸೇರುವುದಿಲ್ಲ, ಅದು ಇನ್ನೂ ತಯಾರಾಗುತ್ತಿರುವ ಸರಕು. ಮನೆ ಬಳಕೆಯ ಕಾರು ಬರೀ ಬಳಕೆಯ ವೆಚ್ಚ. ಚಿನ್ನಕ್ಕೆ ಬೇರೆಯೇ ಕಲಮು ಇದೆ, ಅದಕ್ಕೆ ಸವಕಳಿ ಇಲ್ಲ.

ಕಾವೇರಿ ಉಕ್ಕಿ ಸೇತುವೆಯೊಂದು ಕೊಚ್ಚಿಹೋದರೆ ಆ ನಷ್ಟವನ್ನು ಸವಕಳಿಯೆಂದು ಬರೆಯುವುದಿಲ್ಲ. ನಿರೀಕ್ಷಿತ ಸವೆತ ಮಾತ್ರ ಸವಕಳಿ. ಅನಿರೀಕ್ಷಿತ ದುರಂತ ದಾಸ್ತಾನಿನಿಂದ ನೇರವಾಗಿ ಕಳೆಯುತ್ತದೆ, ವರ್ಷದ ವರಮಾನವನ್ನು ಮುಟ್ಟುವುದಿಲ್ಲ. ಮರುವರ್ಷ ಸೇತುವೆಯನ್ನು ಮತ್ತೆ ಕಟ್ಟಿದಾಗಲಾದರೋ ಆ ಖರ್ಚೆಲ್ಲ ಉತ್ಪನ್ನವೆಂದೇ ಎಣಿಕೆಯಾಗುತ್ತದೆ.

ನನ್ನ ದೃಷ್ಟಿಯಲ್ಲಿ ಈ ವಿಧಾನದ ದೊಡ್ಡ ಕುರುಡು ಇರುವುದು ದುರಸ್ತಿಯ ವಿಷಯದಲ್ಲಿ. ಕಟ್ಟೆಯ ಹಳೆಯ ಗೇಟುಗಳನ್ನು ಇತ್ತೀಚಿನ ವರ್ಷಗಳಲ್ಲಿ ಬದಲಿಸಿದ್ದು ಹೊಸ ಹೂಡಿಕೆಯೆಂದು ಸಂಪತ್ತಿಗೆ ಕೂಡುತ್ತದೆ. ಆದರೆ ವರ್ಷವರ್ಷವೂ ಗೇಟಿಗೆ ಗ್ರೀಸು ಹಚ್ಚಿದ್ದು, ನಾಲೆಯ ಹೂಳೆತ್ತಿದ್ದು ಬರೀ ಖರ್ಚು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿಯಿತು, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ಬಿರುಕು ಬಿಟ್ಟ ಹಳೆಯ ಗೋಡೆಗೂ ಅದೇ ವಯಸ್ಸಿನ ಗಟ್ಟಿ ಗೋಡೆಗೂ ದಾಸ್ತಾನು ವಿಧಾನ ಒಂದೇ ಬೆಲೆ ಕಟ್ಟುತ್ತದೆ. ಗೋಡೆಯನ್ನು ತಟ್ಟಿ ನೋಡುವ ಎಂಜಿನಿಯರಿನ ವರದಿ ಆ ಲೆಕ್ಕದ ಯಾವ ಕಲಮಿಗೂ ಹೋಗುವುದಿಲ್ಲ.