ಜಾತ್ರೆಗೆ ವಂತಿಗೆ, ನಾಲೆಗೆ ಪಂಪ್‌ಸೆಟ್

ಪ್ರಶ್ನೆ: ನಮ್ಮ ಗದ್ದೆ ಭದ್ರಾ ನಾಲೆಯ ಕೊನೆಯ ಭಾಗದಲ್ಲಿದೆ. ಬೇಸಿಗೆ ಬೆಳೆಗೆ ನೀರು ತಲುಪಿದರೆ ಪುಣ್ಯ. ನಮ್ಮೂರಿನವರೇ ಆದ ಮೇಲಿನ ತೂಬಿನವರು ರಾತ್ರಿ ನಾಲೆಗೆ ಪಂಪ್‌ಸೆಟ್ ಇಳಿಸಿ ಅಡಿಕೆ ತೋಟಕ್ಕೆ ನೀರು ಹಾಯಿಸುತ್ತಾರೆ. ಇದೇ ಜನ ಜಾತ್ರೆ ಬಂದರೆ ಕೇಳುವ ಮುಂಚೆಯೇ ವಂತಿಗೆ ಕೊಡುತ್ತಾರೆ. ಎಂಬಿಎ ಓದುತ್ತಿರುವ ಮಗ, ‘ಇದು ಗೇಮ್ ಥಿಯರಿ ಅಪ್ಪಾ, ತನ್ನ ಲಾಭ ನೋಡಿಕೊಳ್ಳುವವನೇ ಜಾಣ’ ಎನ್ನುತ್ತಾನೆ. ನಮ್ಮ ಸಂಸ್ಕೃತಿಯೇ ಕೆಟ್ಟುಹೋಯಿತೇ?
– ರೈತರೊಬ್ಬರು, ಹರಿಹರ ತಾಲ್ಲೂಕು

ಉತ್ತರ: ಒಬ್ಬನ ಲಾಭ ಉಳಿದವರ ನಡೆಯನ್ನೂ ನೆಚ್ಚಿಕೊಂಡಿರುವಾಗ ಯಾರು ಏನು ಮಾಡಿಯಾರು ಎಂದು ಲೆಕ್ಕ ಹಾಕುವ ಶಾಸ್ತ್ರವೇ ಗೇಮ್ ಥಿಯರಿ. ನಿಮ್ಮ ಮಗ ಅದರ ಮೊದಲ ಪಾಠವನ್ನು ಸರಿಯಾಗಿಯೇ ಓದಿದ್ದಾನೆ. ಎರಡನೆಯದಕ್ಕೆ ಇನ್ನೂ ಬಂದಂತಿಲ್ಲ.

ಮೊದಲ ಪಾಠವನ್ನು ರೂಪಾಯಿಯಲ್ಲೇ ನೋಡೋಣ. ನಾಲ್ವರ ಕೈಯಲ್ಲಿ ತಲಾ 100 ರೂಪಾಯಿ ಇದೆ. ಸಾಮಾನ್ಯ ಹುಂಡಿಗೆ ಬಿದ್ದ ಹಣ 1.6 ಪಟ್ಟು ಆಗುತ್ತದೆ, ಆಮೇಲೆ ನಾಲ್ವರಿಗೂ ಸಮವಾಗಿ ಹಂಚಿಕೆಯಾಗುತ್ತದೆ. ಎಲ್ಲರೂ ಪೂರ್ತಿ ಹಾಕಿದರೆ ಒಬ್ಬೊಬ್ಬರಿಗೆ 160. ಒಬ್ಬ ಮಾತ್ರ ಏನೂ ಹಾಕದೆ ಸುಮ್ಮನಿದ್ದರೆ ಉಳಿದವರಿಗೆ 120, ಅವನಿಗೆ 220. ಎಲ್ಲರೂ ಅವನಂತೆಯೇ ಯೋಚಿಸಿದರೆ ಎಲ್ಲರಿಗೂ ಅದೇ ಹಳೆಯ 100. ರಾತ್ರಿ ಪಂಪ್‌ಸೆಟ್ ಇಳಿಸುವವನು 220ರ ಲೆಕ್ಕ ಹಾಕಿದ್ದಾನೆ.

ಲೆಕ್ಕ ಸರಿ, ಆದರೆ ಮನುಷ್ಯರು ಇದಕ್ಕೆ ತಕ್ಕಂತೆ ನಡೆದುಕೊಂಡದ್ದು ಕಡಿಮೆ. ‘ಕೈದಿಗಳ ಇಕ್ಕಟ್ಟು’ ಎಂದು ಈಗ ಎಲ್ಲ ಪುಸ್ತಕಗಳಲ್ಲಿರುವ ಆಟವನ್ನು ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ 1950ರಲ್ಲಿ ಇಬ್ಬರು ಸಹೋದ್ಯೋಗಿಗಳಿಂದ ಆಡಿಸಿದರು. ಇಬ್ಬರೂ ಸಹಕರಿಸಿದರೆ ಇಬ್ಬರಿಗೂ ಒಳ್ಳೆಯದು, ಆದರೆ ಇನ್ನೊಬ್ಬ ಏನೇ ಮಾಡಲಿ, ಕೈಕೊಡುವವನಿಗೇ ಹೆಚ್ಚು ಲಾಭ ಎಂಬ ಆಟ ಅದು. ಇಬ್ಬರೂ ಲೆಕ್ಕ ಬಲ್ಲವರು. ಆದರೂ 100 ಸುತ್ತುಗಳಲ್ಲಿ 60ರಲ್ಲಿ ಇಬ್ಬರೂ ಸಹಕರಿಸಿದರು. ಮೇಲೆ ಹೇಳಿದ ಹುಂಡಿಯ ಆಟದಲ್ಲೂ ಹೀಗೆಯೇ. 2001ರಲ್ಲಿ ಪ್ರಕಟವಾದ ಜ್ಯೂರಿಕ್‌ನ ಪ್ರಯೋಗವೊಂದರಲ್ಲಿ ಪೂರಾ ಸ್ವಾರ್ಥಿಗಳು ಸುಮಾರು ಶೇ 30 ಮಂದಿ. ಸುಮಾರು ಅರ್ಧದಷ್ಟು ಜನರದು ಬೇರೆಯೇ ನಿಲುವು: ಉಳಿದವರು ಹಾಕಿದರೆ ನಾನೂ ಹಾಕುತ್ತೇನೆ, ಅವರು ಕೈಬಿಟ್ಟರೆ ನಾನೂ ಬಿಡುತ್ತೇನೆ. ನಿಮ್ಮ ನಾಲೆಯ ಮೇಲೂ ಇಂಥವರೇ ಹೆಚ್ಚು ಎಂದು ನನ್ನ ಊಹೆ. ಮೊದಲ ಪಂಪ್‌ಸೆಟ್ ಇಳಿಸಿದವನು ಸ್ವಾರ್ಥಿ ಇರಬಹುದು. ಹತ್ತನೆಯವನು ಮೊದಲ ಒಂಬತ್ತನ್ನು ನೋಡಿ ಇಳಿಸಿದವನು.

ಸಂಸ್ಕೃತಿ ಬರುವುದು ಇಲ್ಲಿ. ಜನ ಒಳ್ಳೆಯವರೋ ಕೆಟ್ಟವರೋ ಎಂಬುದಕ್ಕಿಂತ ‘ಇದು ಯಾವ ಆಟ, ಇದರಲ್ಲಿ ಉಳಿದವರು ಏನು ಮಾಡುತ್ತಾರೆ’ ಎಂಬ ತಿಳಿವಳಿಕೆಯನ್ನು ಅದು ಕೊಡುತ್ತದೆ. ಕೀನ್ಯಾದ ಓರ್ಮಾ ಎಂಬ ದನಗಾಹಿ ಸಮುದಾಯದಲ್ಲಿ ಮಾನವಶಾಸ್ತ್ರಜ್ಞೆ ಜೀನ್ ಎನ್ಸ್‌ಮಿಂಗರ್ ಹುಂಡಿಯ ಆಟವನ್ನೇ ಆಡಿಸಿದರು. ನಿಯಮ ವಿವರಿಸುತ್ತಿದ್ದಂತೆ ಅಲ್ಲಿನವರು ‘ಓ, ಇದು ಹರಂಬೆ’ ಎಂದರು. ಶಾಲೆ ಕಟ್ಟಲು, ರಸ್ತೆ ಮಾಡಲು ಊರವರು ಕೂಡಿ ಹಣ ಹಾಕುವ ಪದ್ಧತಿಗೆ ಅಲ್ಲಿ ಹರಂಬೆ ಎನ್ನುತ್ತಾರೆ. ಹೆಸರು ಸಿಕ್ಕಿದ್ದೇ ತಡ, ಕೈ ಬಿಚ್ಚಿ ಹಾಕಿದರು.

ನಿಮ್ಮೂರಿನ ಜಾತ್ರೆಯ ವಂತಿಗೆಯೂ ಹರಂಬೆಯೇ. ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಕೂಗುತ್ತಾರೆ, ಗುಡಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುತ್ತಾರೆ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಪುಸ್ತಕ ಹಿಡಿದು ಒಬ್ಬರು ಕುಳಿತೇ ಇರುತ್ತಾರೆ. ಐದು ವರ್ಷದ ಮೇಲೆ ಆ ಪುಟ ತೆರೆದು ನೋಡಿ ಅದಕ್ಕೆ ಸರಿಯಾಗಿ ಹಿಂದಿರುಗಿಸುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ ಎಂಬ ಗಾದೆಯಲ್ಲಿ ಅರ್ಧ ಗೇಮ್ ಥಿಯರಿ ಇದೆ: ಮತ್ತೆ ಎದುರಾಗಲೇಬೇಕಾದವರ ನಡುವೆ ಮೋಸ ದುಬಾರಿ. ನಾಲೆಯ ನೀರಿಗೆ ಮೈಕೂ ಇಲ್ಲ, ಗೋಡೆಯೂ ಇಲ್ಲ, ಪುಸ್ತಕವೂ ಇಲ್ಲ. ಹೆಚ್ಚಿನವರ ಮನಸ್ಸಿನಲ್ಲಿ ಅದು ಊರ ನೀರೂ ಅಲ್ಲ, ಇಲಾಖೆಯ ನೀರು. ‘ಸರ್ಕಾರದ್ದು’ ಎನಿಸಿಕೊಂಡ ವಸ್ತುವಿನ ಮೇಲೆ ಕೈಹಾಕಲು ನಮ್ಮಲ್ಲಿ ಯಾರಿಗೂ ಅಷ್ಟೇನೂ ಅಳುಕಿಲ್ಲ, ನಿಜ ತಾನೇ?

ಆದರೆ ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವವರನ್ನು ನಾನು ನಂಬುವುದಿಲ್ಲ. ರಾಬರ್ಟ್ ವೇಡ್ ಎಂಬ ಸಂಶೋಧಕರು ಆಂಧ್ರದ ಕಾಲುವೆ ನೀರಾವರಿ ಹಳ್ಳಿಗಳನ್ನು ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದರು. ಭಾಷೆ, ಜಾತಿ, ದೇವರು, ಹಬ್ಬ ಎಲ್ಲವೂ ಹೆಚ್ಚುಕಡಿಮೆ ಒಂದೇ ಇದ್ದ ಹಳ್ಳಿಗಳು ಅವು. ಆದರೂ ಕಾಲುವೆಯ ಕೊನೆಯ ಭಾಗದ ಹಳ್ಳಿಗಳಲ್ಲೇ ಊರೊಟ್ಟಿನ ವ್ಯವಸ್ಥೆ ಗಟ್ಟಿಯಾಗಿತ್ತು: ಎಲ್ಲರ ಹಣದಿಂದ ನೇಮಿಸಿದ ನೀರುಗಂಟಿ, ಹೊಲ ಕಾಯುವವರು, ಊರ ನಿಧಿ. ಮೇಲ್ಭಾಗದ ಹಳ್ಳಿಗಳಿಗೆ ನೀರು ತಾನಾಗಿ ಬರುತ್ತಿತ್ತು, ಇದಾವುದೂ ಬೇಕಿರಲಿಲ್ಲ.

ನಿಮ್ಮ ಸಮಸ್ಯೆಯ ಗಂಟು ಇದೇ. ಹುಂಡಿಯ ಆಟದಲ್ಲಿ ನಾಲ್ವರೂ ಸಮಾನರು. ನಾಲೆಯಲ್ಲಿ ಹಾಗಲ್ಲ, ನೀವು ಅವರಿಗೆ ನೀರು ನಿಲ್ಲಿಸಲಾರಿರಿ, ಅವರು ನಿಮಗೆ ನಿಲ್ಲಿಸಬಲ್ಲರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರೋಮ್ ನೇಪಾಳದ ಕಾಲುವೆಗಳಲ್ಲಿ ಇದನ್ನೇ ಗಮನಿಸಿದ್ದರು. ರೈತರೇ ಕಲ್ಲು, ಮಣ್ಣು, ಮರದಿಂದ ಕಟ್ಟಿದ ಒಡ್ಡುಗಳಿದ್ದ ಕಡೆ ಕೊನೆಯವರಿಗೂ ನೀರು ಸಿಗುತ್ತಿತ್ತು. ಮಳೆಗೆ ಕೊಚ್ಚಿಹೋಗುವ ಆ ಒಡ್ಡನ್ನು ವರ್ಷ ವರ್ಷ ಕಟ್ಟಲು ಮೇಲಿನವರಿಗೆ ಕೆಳಗಿನವರ ಆಳುಬಲ ಬೇಕಿತ್ತು. ಸಿಮೆಂಟಿನ ಭದ್ರವಾದ ಒಡ್ಡು ಬಂದ ಕಡೆ ಆ ಹಂಗು ತಪ್ಪಿತು, ಜೊತೆಗೆ ಕೊನೆಯವರ ನೀರೂ ಎಷ್ಟೋ ಕಡೆ ಕಡಿಮೆಯಾಯಿತು. ನಮ್ಮಲ್ಲಿ ನಾಲೆಯ ಹೂಳನ್ನು ಗುತ್ತಿಗೆದಾರ ತೆಗೆಸುತ್ತಾನೆ. ಮೇಲಿನವರಿಗೆ ನಿಮ್ಮಿಂದ ಆಗಬೇಕಾದದ್ದು ಏನಿದೆ ಹೇಳಿ?

ಏನಾದರೂ ಇರುವಂತೆ ಮಾಡಿಕೊಳ್ಳಬೇಕು. ನಾಟಿಗೆ ಆಳು, ಕೊಯ್ಲಿಗೆ ಯಂತ್ರ, ಸೊಸೈಟಿಯ ಸಾಲ, ಡೇರಿಯ ಆಡಳಿತ ಮಂಡಳಿ – ಇವುಗಳಲ್ಲಿ ಎಲ್ಲಾದರೂ ಅವರು ನಿಮ್ಮನ್ನು ನೆಚ್ಚಿದ್ದರೆ ನೀರಿನ ಮಾತನ್ನು ಅಲ್ಲಿಗೆ ಒಯ್ಯಿರಿ. ಬೇಡಿಕೆಯನ್ನು ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಯ ಮುಂದೆ ಮಾತ್ರ ಇಟ್ಟರೆ ಅದು ಇಲಾಖೆಯ ನೀರಾಗಿಯೇ ಉಳಿಯುತ್ತದೆ. ಯಾವ ತೂಬಿಗೆ ಯಾವ ದಿನ ಎಷ್ಟು ಹೊತ್ತು ಸರದಿ ಎಂಬುದನ್ನು ಗುಡಿಯ ಗೋಡೆಯ ಮೇಲೆ, ವಂತಿಗೆಯ ಪಟ್ಟಿಯ ಪಕ್ಕದಲ್ಲೇ ಬರೆಸಿ. ಸರದಿ ನೋಡಿಕೊಳ್ಳಲು ಒಬ್ಬ ನೀರುಗಂಟಿ ಇರಲಿ, ಅವನ ಸಂಬಳದಲ್ಲಿ ಮೇಲಿನವರ ಪಾಲೂ ಇರಲಿ.

ದಂಡದ ವಿಷಯದಲ್ಲಿ ಮಾತ್ರ ಜೋಪಾನ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 16 ನಗರಗಳಲ್ಲಿ ಹುಂಡಿಯ ಆಟ ಆಡಿಸಿ, ಬೇಕಾದವರಿಗೆ ದಂಡ ಹಾಕುವ ಅವಕಾಶವನ್ನೂ ಕೊಟ್ಟರು. ಬಾಸ್ಟನ್, ಮೆಲ್ಬರ್ನ್‌ನಂಥ ಕಡೆ ದಂಡ ಬಿದ್ದದ್ದು ಹೆಚ್ಚಾಗಿ ಕಳ್ಳಾಟದವರಿಗೆ. ಮಸ್ಕತ್, ಅಥೆನ್ಸ್‌ನಂಥ ಕಡೆ ಹೆಚ್ಚು ಹಾಕಿದ ಸಜ್ಜನರಿಗೂ ದಂಡ ಬಿತ್ತು. ‘ಇವನೊಬ್ಬ ದೊಡ್ಡ ಹರಿಶ್ಚಂದ್ರ’ ಎಂಬ ಸಿಟ್ಟು, ಹಿಂದಿನ ಸುತ್ತಿನ ದಂಡಕ್ಕೆ ಸೇಡು, ಎರಡೂ ಸೇರಿಕೊಂಡಿರಬಹುದು. ಹಾಗಾಗಿ ಮೊದಲ ತಪ್ಪಿಗೆ ಚಿಕ್ಕ ದಂಡ ಸಾಕು. ಅದನ್ನು ನೀವೊಬ್ಬರೇ ಹೋಗಿ ಕೇಳಬೇಡಿ, ನೀರು ಬಳಕೆದಾರರ ಸಂಘದ ಹೆಸರಿನಲ್ಲಿ ಕೇಳಿಸಿ.

ಪ್ರಶ್ನೆ: ತಂದೆಯವರು ತೀರಿಕೊಂಡ ಮೇಲೆ ಎಂಟು ಎಕರೆಯಲ್ಲಿ ಅಣ್ಣ ನನಗೆ ಎರಡು ಎಕರೆ ಎನ್ನುತ್ತಿದ್ದಾರೆ. ‘ಎರಡೂ ಬೇಡ, ಕೋರ್ಟಿನಲ್ಲಿ ನೋಡಿಕೊಳ್ಳುತ್ತೇನೆ’ ಎಂದು ಎದ್ದು ಬಂದೆ. ಬಂದಷ್ಟು ತೆಗೆದುಕೊಳ್ಳುವುದು ಜಾಣತನ ಎಂದು ನೆಂಟರು ಬುದ್ಧಿ ಹೇಳುತ್ತಿದ್ದಾರೆ. ನನ್ನದು ಮೂರ್ಖತನವೇ?
– ಹೊಳಲ್ಕೆರೆ ತಾಲ್ಲೂಕಿನ ಓದುಗರು

ಉತ್ತರ: ಮೂರ್ಖತನವಾದರೆ ಜಗತ್ತಿನ ಬಹುಪಾಲು ಜನ ನಿಮ್ಮ ಜೊತೆಗಿದ್ದಾರೆ. 1982ರಲ್ಲಿ ಜರ್ಮನಿಯ ವರ್ನರ್ ಗ್ಯೂತ್ ಮತ್ತು ಸಂಗಡಿಗರು ಇದನ್ನೇ ಆಟವಾಗಿ ಆಡಿಸಿದರು. ಒಬ್ಬ ಪಾಲು ಹೇಳುತ್ತಾನೆ, ಇನ್ನೊಬ್ಬ ಒಪ್ಪಿದರೆ ಇಬ್ಬರಿಗೂ ಹಣ, ಒಪ್ಪದಿದ್ದರೆ ಇಬ್ಬರಿಗೂ ಸೊನ್ನೆ. ನಿಮ್ಮ ನೆಂಟರ ಲೆಕ್ಕದಂತೆ ಒಂದು ರೂಪಾಯಿ ಕೊಟ್ಟರೂ ಒಪ್ಪಬೇಕು. ವಿದ್ಯಾರ್ಥಿಗಳೊಂದಿಗೆ ನಡೆದ ಪ್ರಯೋಗಗಳಲ್ಲಿ ಶೇ 20ಕ್ಕಿಂತ ಕಡಿಮೆ ಪಾಲನ್ನು ಸುಮಾರು ಅರ್ಧದಷ್ಟು ಸಲ ತಿರಸ್ಕರಿಸಿದ್ದಾರೆ.

ಎಷ್ಟಾದರೆ ನ್ಯಾಯ ಎಂಬುದು ಮಾತ್ರ ಊರಿಂದೂರಿಗೆ ಬೇರೆ. 15 ಸಣ್ಣ ಸಮುದಾಯಗಳಲ್ಲಿ ಈ ಆಟ ಆಡಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೆರುವಿನ ಮಚಿಗೆಂಗಾ ಜನ ಸರಾಸರಿ ಶೇ 26 ಕೊಟ್ಟರು, ಪಡೆದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಪ್ಪಿದರು. ಅಲ್ಲಿ ಒಂದೊಂದು ಕುಟುಂಬವೂ ತನ್ನ ಪಾಡಿಗೆ ತಾನು ದುಡಿದುಕೊಳ್ಳುತ್ತದೆ. ಇಂಡೊನೇಷ್ಯಾದ ಲಮಲೆರಾದವರು ದೋಣಿಯಲ್ಲಿ ಗುಂಪಾಗಿ ಹೋಗಿ ತಿಮಿಂಗಿಲ ಬೇಟೆಯಾಡಿ, ನಿಯಮದ ಪ್ರಕಾರ ಪಾಲು ಮಾಡುವವರು. ಅವರು ಕೊಟ್ಟದ್ದು ಸರಾಸರಿ ಶೇ 58. ಪಪುವಾ ನ್ಯೂಗಿನಿಯ ಔ ಮತ್ತು ಗ್ನೌ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಟ್ಟರೂ ಬೇಡ ಎಂದವರಿದ್ದರು. ದೊಡ್ಡ ಉಡುಗೊರೆ ಪಡೆದವನು ಅಲ್ಲಿ ಕೊಟ್ಟವನ ಋಣಕ್ಕೆ ಬೀಳುತ್ತಾನೆ.

ನಿಮ್ಮ ಅಣ್ಣ ಹೇಳಿದ್ದು ಶೇ 25. ಮಚಿಗೆಂಗಾದವರು ಒಪ್ಪುತ್ತಿದ್ದರು. ಒಟ್ಟು ಕುಟುಂಬದಲ್ಲಿ ಕೂಡಿ ದುಡಿದು ಬೆಳೆದವರು ಒಪ್ಪದಿರುವುದು ಸಹಜ. ಹಾಗೆಂದು ಕೋರ್ಟಿಗೆ ಓಡಬೇಡಿ. ಆಟದಲ್ಲಿ ‘ಬೇಡ’ ಎಂದರೆ ಆ ಕ್ಷಣಕ್ಕೆ ಮುಗಿಯಿತು, ಪಾಲು ದಾವೆ ವರ್ಷಗಟ್ಟಲೆ ಎಳೆಯುತ್ತದೆ. ಇಬ್ಬರಿಗೂ ಗೌರವವಿರುವ ಹಿರಿಯರೊಬ್ಬರು ನಡುವೆ ಬಂದರೆ ಅಣ್ಣ ಹೇಳುವ ಪಾಲು ಬದಲಾಗಬಹುದು, ಏಕೆಂದರೆ ಎರಡು ಎಕರೆ ಎಂಬ ಮಾತನ್ನು ಅವರು ಆಗ ನಾಲ್ಕು ಜನರೆದುರು ಆಡಬೇಕಾಗುತ್ತದೆ. ನಿಮಗೆ ಹತ್ತಿರದ ಸಿರಿಗೆರೆಯಲ್ಲೇ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠವಿದೆ. ಇಂಥ ವ್ಯಾಜ್ಯಗಳನ್ನು ಹೊತ್ತು ಎಷ್ಟೋ ಅಣ್ಣತಮ್ಮಂದಿರು ಅಲ್ಲಿಗೆ ಹೋಗುತ್ತಾರೆ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಎಲ್ಲೂ ಅಕ್ಕತಂಗಿಯರ ಪ್ರಸ್ತಾಪವಿಲ್ಲ. ಇದ್ದರೆ, ಮತ್ತು ಜಮೀನು ಪಿತ್ರಾರ್ಜಿತವಾಗಿದ್ದರೆ, 2005ರ ಕಾನೂನು ತಿದ್ದುಪಡಿಯ ಪ್ರಕಾರ ಅವರಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಹಿರಿಯರ ಮುಂದೆ ಕೂರುವ ಮೊದಲು ಎಂಟು ಎಕರೆಯನ್ನು ಎಷ್ಟರಿಂದ ಭಾಗಿಸಬೇಕೆಂದು ವಕೀಲರನ್ನು ಕೇಳಿಕೊಳ್ಳಿ.