ಓದುಗರ ಪ್ರಶ್ನೆ: ಪದಬಂಧದ ಖಾಲಿ ಮನೆಗಳು

ದಿನಪತ್ರಿಕೆಯ ಪದಬಂಧದ ಬಗ್ಗೆ ಬಂದಿರುವ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಿವೃತ್ತನಾದ ಮೇಲೆ ದಿನವೂ ಬೆಳಿಗ್ಗೆ ಪದಬಂಧ ತುಂಬಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಮುಕ್ಕಾಲು ಪಾಲು ಸಲೀಸಾಗಿ ಆಗುತ್ತದೆ; ಉಳಿದ ಒಂದು ಮೂಲೆ ಮಾತ್ರ ಎಷ್ಟು ಹೊತ್ತು ಕುಳಿತರೂ ಬಗೆಹರಿಯುವುದಿಲ್ಲ. ಒಂದನೆಯ ಸುಳಿವಿನಿಂದ ಕ್ರಮವಾಗಿ ಹೋಗುವ ನನ್ನ ಪದ್ಧತಿಯಲ್ಲಿಯೇ ದೋಷವಿದೆಯೇ?
(ನಿವೃತ್ತ ಉಪಾಧ್ಯಾಯರು, ತೀರ್ಥಹಳ್ಳಿ)

ಉತ್ತರ: ಕ್ರಮವಾಗಿ ಹೋಗುವುದು ದೋಷವಲ್ಲ, ಆದರೆ ಸುಳಿವಿನ ಅರ್ಥವನ್ನಷ್ಟೇ ನೋಡಿ ಅದರ ರೂಪವನ್ನು ಬಿಟ್ಟುಬಿಡುವವರು ಕೊನೆಯ ಮೂಲೆಯಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚು. ಸುಳಿವು ಯಾವ ವಿಭಕ್ತಿಯಲ್ಲಿದೆಯೋ, ಯಾವ ವಚನ ಮತ್ತು ಕಾಲದಲ್ಲಿದೆಯೋ, ಉತ್ತರವೂ ಅದರಲ್ಲಿಯೇ ಇರಬೇಕೆಂಬುದು ಪದಬಂಧ ರಚಿಸುವವರು ಸಾಮಾನ್ಯವಾಗಿ ಪಾಲಿಸುವ ನಿಯಮ. ‘ಕಾಡಿನಲ್ಲಿ (5)’ ಎಂಬ ಸುಳಿವನ್ನು ತೆಗೆದುಕೊಳ್ಳಿ. ಉತ್ತರ ಹೊಳೆಯದಿದ್ದರೂ ಕೊನೆಯ ಮನೆಯಲ್ಲಿ ‘ಲ್ಲಿ’ ಬರೆಯಲು ಅಡ್ಡಿಯಿಲ್ಲ. ಉಳಿದ ನಾಲ್ಕು ಮನೆಗಳಿಗೆ ಅರಣ್ಯದಲ್ಲಿ, ಅಡವಿಯಲ್ಲಿ, ಕಾನನದಲ್ಲಿ, ವಿಪಿನದಲ್ಲಿ ಎಂಬ ನಾಲ್ಕು ಅಭ್ಯರ್ಥಿಗಳು ನಿಲ್ಲುತ್ತಾರೆ. ನಾಲ್ಕನೆಯ ಮನೆಯ ಮೂಲಕ ಇಳಿಯುವ ಪದ ಅಲ್ಲಿ ‘ಯ’ವನ್ನು ಕೇಳಿದರೆ ಅಡವಿಯೊಂದೇ ಉಳಿಯುತ್ತದೆ, ‘ದ’ ಕೇಳಿದರೆ ಅಡವಿ ಬಿದ್ದುಹೋಗಿ, ಮೂರನೆಯ ಮನೆಯ ‘ಣ್ಯ’ ಅಥವಾ ‘ನ’ ಮುಂದಿನ ತೀರ್ಮಾನಕ್ಕೆ ನೆರವಾಗುತ್ತದೆ. ಇದೇ ರೀತಿ ‘ಓಡಿದನು’ ಎಂಬಂಥ ಸುಳಿವಿದ್ದರೆ ತುದಿಯ ‘ನು’ವನ್ನು, ಬಹುವಚನದ ಸುಳಿವಿದ್ದರೆ ‘ಗಳು’ ಅಥವಾ ‘ರು’ವನ್ನು ಮೊದಲೇ ತೆಳುವಾಗಿ ಬರೆದಿಟ್ಟುಕೊಳ್ಳಬಹುದು.

ಎರಡನೆಯ ಸೂಕ್ಷ್ಮ ನಮ್ಮ ಲಿಪಿಗೆ ಸಂಬಂಧಿಸಿದ್ದು. ಅ, ಆ, ಇ, ಈ ಮೊದಲಾದ ಸ್ವರಗಳು ಕನ್ನಡ ಬರವಣಿಗೆಯಲ್ಲಿ ಸಾಮಾನ್ಯವಾಗಿ ಪದದ ಮೊದಲಲ್ಲಿ ಮಾತ್ರ ಬಿಡಿ ಅಕ್ಷರಗಳಾಗಿ ನಿಲ್ಲುತ್ತವೆ. ನಡುವೆ ಬಂದರೆ ವ್ಯಂಜನದ ಗುಣಿತದಲ್ಲಿ ಸೇರಿಹೋಗುತ್ತವೆ. ‘ಆನೆ (2)’ ಎಂಬುದು ಪದಬಂಧಗಳಲ್ಲಿ ಸವೆದುಹೋದ ಸುಳಿವು. ಅದಕ್ಕೆ ಗಜ, ಕರಿ, ದಂತಿ, ಹಸ್ತಿ, ನಾಗ, ಇಭ ಎಂಬ ಆರು ಉತ್ತರಗಳಾದರೂ ಸಿದ್ಧವಾಗಿವೆ. ಆದರೆ ಅದರ ಮೊದಲ ಮನೆ ಮೇಲಿನಿಂದ ಕೆಳಕ್ಕೆ ಬರುವ ಇನ್ನೊಂದು ಪದದ ನಡುವಿನ ಮನೆಯಾಗಿದ್ದರೆ ‘ಇಭ’ವನ್ನು ಯೋಚಿಸದೆಯೇ ಬಿಟ್ಟುಬಿಡಬಹುದು. ಎರಡೂ ಪದಗಳು ಅದೇ ಮನೆಯಲ್ಲಿ ಆರಂಭವಾಗುತ್ತಿದ್ದರೆ ಮಾತ್ರ ಅದಕ್ಕೆ ಅವಕಾಶ.

ಒತ್ತಕ್ಷರಗಳನ್ನು ಕಂಡು ಹೆದರುವವರೇ ಹೆಚ್ಚು. ನಿಜವಾಗಿ ಅವು ಬಿಡಿಸುವವರ ಪಕ್ಷ. ‘ಹುಟ್ಟುಗುರುಡ ದೊರೆ (4)’ ಎಂದರೆ ಧೃತರಾಷ್ಟ್ರ ಎಂದು ಯಾರಿಗಾದರೂ ಹೊಳೆಯುತ್ತದೆ. ಅದರ ಕೊನೆಯ ಮನೆಯಲ್ಲಿ ‘ಷ್ಟ್ರ’ ಕುಳಿತ ಮೇಲೆ ಅಲ್ಲಿಗೆ ಮೇಲಿನಿಂದ ಬಂದು ಮುಗಿಯಬಲ್ಲ ಪದಗಳು ಬೆರಳೆಣಿಕೆಯಷ್ಟೇ. ಎರಡು ಮನೆಯಾದರೆ ರಾಷ್ಟ್ರ ಅಥವಾ ಒಂಟೆ ಎಂಬ ಅರ್ಥದ ಉಷ್ಟ್ರ, ಮೂರಾದರೆ ಸೌರಾಷ್ಟ್ರ. ‘ಕ’, ‘ರ’, ‘ನ’ದಂಥ ಸುಲಭ ಅಕ್ಷರಗಳ ಮೂಲಕ ಹಾದುಹೋಗುವ ಪದಗಳಿಗೆ ಲೆಕ್ಕವೇ ಇಲ್ಲದ ಕಾರಣ ತೊಡಕು ಅಲ್ಲಿಯೇ ಹುಟ್ಟುತ್ತದೆ. ನಿಮ್ಮ ಹಠಮಾರಿ ಮೂಲೆಯನ್ನು ಇನ್ನೊಮ್ಮೆ ನೋಡಿ. ಬಹುಶಃ ಅದು ಇಂಥ ಬಡ ಅಕ್ಷರಗಳ ಮೂಲೆಯೇ ಆಗಿರುತ್ತದೆ. ಹಾಗಿದ್ದಲ್ಲಿ ಅಲ್ಲಿರುವ ಅತಿ ಉದ್ದದ ಪದವನ್ನು ಹಿಡಿದು, ಅದರ ತುದಿಯಿಂದ ಹಿಂದಕ್ಕೆ ಬನ್ನಿ.

ಪ್ರಶ್ನೆ: ಸ್ವಾತಂತ್ರ್ಯ ಎಂಬ ಪದಕ್ಕೆ ಮೂರೇ ಮನೆಗಳನ್ನು ಕೊಟ್ಟಿದ್ದನ್ನು ಕಂಡು ಮುದ್ರಣದೋಷವಿರಬೇಕೆಂದುಕೊಂಡೆ. ಅಕ್ಷರಗಳನ್ನು ಎಣಿಸುವ ಕ್ರಮ ಯಾವುದು?
(ಬ್ಯಾಂಕ್ ಉದ್ಯೋಗಿ, ಹಾಸನ)

ಉತ್ತರ: ದೋಷವಿಲ್ಲ. ಸ್ವಾ, ತಂ, ತ್ರ್ಯ ಎಂದು ಮೂರೇ ಮನೆ. ಗುಣಿತದ ಚಿಹ್ನೆ, ಒತ್ತು, ಅನುಸ್ವಾರ, ಅರ್ಕಾವತ್ತು ಇವೆಲ್ಲವೂ ತಮ್ಮ ಅಕ್ಷರದೊಂದಿಗೇ ಒಂದು ಮನೆಯಲ್ಲಿರುತ್ತವೆ. ಆದ್ದರಿಂದ ಸಂಬಂಧ ಎಂಬುದಕ್ಕೆ ಮೂರು, ಕರ್ನಾಟಕ ಎಂಬುದಕ್ಕೆ ನಾಲ್ಕು. ಛೇದಿಸುವ ಎರಡೂ ಪದಗಳಲ್ಲಿ ಆ ಮನೆಯ ಅಕ್ಷರ ಸೊನ್ನೆ ಸಹಿತ ಒಂದೇ ಆಗಿರಬೇಕು. ಒಂದರಲ್ಲಿ ‘ಪ’, ಇನ್ನೊಂದರಲ್ಲಿ ‘ಪಂ’ ಎಂದು ಹೊಂದಿಸಿಕೊಳ್ಳಲು ಬರುವುದಿಲ್ಲ. ಇಂಗ್ಲಿಷಿನಿಂದ ಬಂದ ಪದಗಳಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು: ‘ಬಸ್’ ಎಂಬುದರ ಅರೆ ಅಕ್ಷರಕ್ಕೆ ಪ್ರತ್ಯೇಕ ಮನೆ ಕೊಡುವುದು ಸಾಮಾನ್ಯ, ‘ಬಸ್ಸು’ ಎಂದು ಬರೆದು ತೊಡಕನ್ನೇ ತಪ್ಪಿಸುವವರೂ ಇದ್ದಾರೆ.

ಪ್ರಶ್ನೆ: ನಿಘಂಟು ನೋಡಿ ತುಂಬಿಸಿದರೆ ಅದು ಬಿಡಿಸಿದಂತಾಗುತ್ತದೆಯೇ? ಮನೆಯಲ್ಲಿ ಇದರ ಬಗ್ಗೆ ವಾದ ನಡೆದಿದೆ.
(ಪದವಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನಿಘಂಟು ನೀವು ಅಂದುಕೊಂಡಷ್ಟು ಸಹಾಯ ಮಾಡುವುದಿಲ್ಲ ಎಂಬುದನ್ನು ವಾದದ ಎರಡೂ ಪಕ್ಷದವರು ಗಮನಿಸಬೇಕು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ಕೋಶವಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಾಗಲಿ ಪದದಿಂದ ಅರ್ಥಕ್ಕೆ ಕರೆದೊಯ್ಯುತ್ತವೆ. ಪದಬಂಧ ಬಿಡಿಸುವವರಿಗೆ ಬೇಕಾದುದು ಅರ್ಥದಿಂದ ಪದಕ್ಕೆ ಹೋಗುವ ದಾರಿ. ಆ ಕೆಲಸಕ್ಕೆ ಒದಗುವುದು ಸಂಸ್ಕೃತದ ಅಮರಕೋಶ. ಅದು ಮೂರು ಕಾಂಡಗಳಲ್ಲಿ, ವಿಷಯವಾರು ವರ್ಗಗಳಾಗಿ ಸಮಾನಾರ್ಥಕ ಪದಗಳನ್ನು ಶ್ಲೋಕದಲ್ಲಿ ಪೋಣಿಸಿಟ್ಟಿದೆ. ಹಿಂದೆ ಅದನ್ನು ಬಾಯಿಪಾಠ ಮಾಡಿದವರಿಗೆ ‘ಕಮಲ (3)’ ಎಂಬ ಸುಳಿವು ಸುಳಿವೇ ಅಲ್ಲ. ಪಂಕಜ, ನಳಿನ, ಜಲಜ, ಸರೋಜ ಎಂದು ನಾಲಿಗೆಯ ತುದಿಯಲ್ಲೇ ಸಾಲುಗಟ್ಟುತ್ತವೆ. ಉತ್ತರ ಊಹಿಸಿದ ಮೇಲೆ ಖಚಿತಪಡಿಸಿಕೊಳ್ಳಲು ಕೋಶ ತೆರೆಯುವುದರಲ್ಲಿ ಯಾವ ಲೋಪವೂ ಇಲ್ಲವೆಂಬುದು ನಮ್ಮ ತೀರ್ಪು. ಮೊಬೈಲಿನಲ್ಲಿ ಉತ್ತರವನ್ನೇ ಹುಡುಕುವುದಾದರೆ ನಾಳೆಯ ಪತ್ರಿಕೆಯಲ್ಲಿ ಬರುವ ಉತ್ತರಕ್ಕೆ ಕಾಯುವುದು ಮೇಲು.

ಪ್ರಶ್ನೆ: ಪದಬಂಧವನ್ನು ಮೊದಲು ಆರಂಭಿಸಿದ್ದು ಯಾರು?
(ಪ್ರೌಢಶಾಲಾ ವಿದ್ಯಾರ್ಥಿ, ಮಂಡ್ಯ)

ಉತ್ತರ: ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಆರ್ಥರ್ ವಿನ್ ಎಂಬ ಪತ್ರಕರ್ತರು. ಅವರು ವಜ್ರಾಕೃತಿಯಲ್ಲಿ ರಚಿಸಿದ ಮೊದಲ ಪದಬಂಧ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲಂಡನ್ನಿನ ‘ಟೈಮ್ಸ್’ ಪತ್ರಿಕೆ 1930ರ ಫೆಬ್ರುವರಿಯವರೆಗೆ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕನ್ನಡದಲ್ಲಿ ಇದನ್ನೇ ವ್ರತವಾಗಿ ಹಿಡಿದು ಸಾವಿರಾರು ಪದಬಂಧಗಳನ್ನು ರಚಿಸಿದವರೆಂದು ಅ.ನಾ. ಪ್ರಹ್ಲಾದರಾವ್ ಹೆಸರಾಗಿದ್ದಾರೆ.

ಪ್ರಶ್ನೆ: ಪತ್ರಿಕೆ ಬಂದೊಡನೆ ನಮ್ಮ ಯಜಮಾನರು ಪೆನ್ನಿನಲ್ಲಿ ಪದಬಂಧ ತುಂಬಿಸಿ, ತಪ್ಪಾದಲ್ಲಿ ಗೀಚಿ ಅದರ ಮೇಲೆಯೇ ಮತ್ತೆ ಬರೆಯುತ್ತಾರೆ. ನನ್ನ ಕೈಗೆ ಬರುವಷ್ಟರಲ್ಲಿ ಮನೆಗಳೆಲ್ಲ ಮಸಿಯಾಗಿರುತ್ತವೆ. ಪೆನ್ಸಿಲ್ ಬಳಸುವುದೇ ಸರಿಯೆಂದು ತಾವು ಬರೆದರೆ ಅವರು ಒಪ್ಪಿಯಾರು.
(ಗೃಹಿಣಿ, ಹುಬ್ಬಳ್ಳಿ)

ಉತ್ತರ: ಪೆನ್ಸಿಲೇ ಸರಿ, ಆದರೆ ಪತ್ರಿಕೆಯ ತೆಳುವಾದ ಕಾಗದ ರಬ್ಬರಿಗೆ ಬಹಳ ಹೊತ್ತು ತಾಳುವುದಿಲ್ಲ, ಎರಡು ಸಲ ಉಜ್ಜಿದರೆ ಹರಿಯುತ್ತದೆ. ಆದ್ದರಿಂದ ಸಂದೇಹವಿರುವ ಅಕ್ಷರವನ್ನು ಮನೆಯ ಮೂಲೆಯಲ್ಲಿ ಸಣ್ಣದಾಗಿ, ಒತ್ತದೆ ಬರೆದು, ಅಡ್ಡಪದ ಒಪ್ಪಿದ ಮೇಲೆ ಮಾತ್ರ ದೊಡ್ಡದಾಗಿ ತಿದ್ದುವುದು ಒಳ್ಳೆಯದು. ಯಜಮಾನರು ಪೆನ್ನು ಬಿಡಲಾರರೆಂದಾದರೆ ಅವರು ಕುಳಿತುಕೊಳ್ಳುವ ಮೊದಲೇ ಆ ಪುಟದ ಒಂದು ಜೆರಾಕ್ಸ್ ತೆಗೆಸಿಟ್ಟುಕೊಳ್ಳಿ.