ಲಂಡನ್ನಿಗೆ ಬರುವ ತಮ್ಮನಿಗೆ: ಆ ಒಂಟಿ ಗಾಲಿ ಬೆಟಗೇರಿಯಲ್ಲೇ ಇರಲಿ

ತಮ್ಮಾ, ನೀನು ಕೇಳಿದ್ದನ್ನು ಎರಡು ಸಲ ಓದಿದೆ. ಸೆಪ್ಟೆಂಬರಿನಲ್ಲಿ ಓದಲು ಲಂಡನ್ನಿಗೆ ಬರುತ್ತೀಯ, ರೂಮಿನಿಂದ ಕಾಲೇಜಿಗೆ ಮೂರು ಮೈಲಿ. ಗದಗಿನಲ್ಲಿ ಭೀಷ್ಮ ಕೆರೆಯ ದಂಡೆಯ ಮೇಲೆ ಬಿದ್ದು ಎದ್ದು ಕಲಿತ ಒಂಟಿ ಗಾಲಿಯ ಎಲೆಕ್ಟ್ರಿಕ್ ಯೂನಿಸೈಕಲ್ ಜೊತೆಗೆ ತರಬಹುದಾ, ಆಗದಿದ್ದರೆ ಇಲ್ಲೇ ಒಂದು ನಿಂತು ಓಡಿಸುವ ಸ್ಕೂಟರ್ ಕೊಳ್ಳಬಹುದಾ, ಗದಗಿನ ಲೈಸೆನ್ಸ್ ನಡೆಯುತ್ತದಾ, ಚಳಿಗೆ ಏನೇನು ತರಬೇಕು. ಇಷ್ಟು ಅಲ್ವಾ?

ತರಬೇಡ. ಕೊಳ್ಳಲೂ ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮಲ್ಲಿ 250 ವ್ಯಾಟ್ ಮೀರದ, ಗಂಟೆಗೆ 25 ಕಿ.ಮೀ. ದಾಟದ ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಅದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಇಲ್ಲಿ ಇಳಿಯುತ್ತೇವೆ. ಇಲ್ಲಿಯ ಲೆಕ್ಕ ಬೇರೆ. 1988ರ ರೋಡ್ ಟ್ರಾಫಿಕ್ ಕಾಯ್ದೆಯ ಪ್ರಕಾರ ಆ ನಿಂತು ಓಡಿಸುವ ಸ್ಕೂಟರ್ ಮೋಟಾರು ವಾಹನ, ನಿನ್ನ ಒಂಟಿ ಗಾಲಿಯೂ ಅಷ್ಟೇ. ಅಂದರೆ ಇನ್ಶೂರೆನ್ಸ್, ಲೈಸೆನ್ಸ್, ನೋಂದಣಿ ಎಲ್ಲ ಬೇಕು. ಸ್ವಂತ ಸ್ಕೂಟರಿಗೆ ಇನ್ಶೂರೆನ್ಸ್ ಮಾಡಿಸೋಣ ಅಂದರೆ ಕೊಡುವವರೇ ಇಲ್ಲ. ಹಾಗಾಗಿ ರಸ್ತೆಗೆ ಇಳಿಸುವಂತಿಲ್ಲ, ಸೈಕಲ್ ದಾರಿಗೂ ಇಲ್ಲ. ಫುಟ್‌ಪಾತಿನ ಮಾತಂತೂ ಬೇಡವೇ ಬೇಡ, ಅಲ್ಲಿ ಗಾಡಿ ಓಡಿಸಬಾರದು ಅನ್ನುವ ಕಾಯ್ದೆ 1835ರದ್ದು, ಇವತ್ತಿಗೂ ಜಾರಿಯಲ್ಲಿದೆ. ಮಾಲೀಕರು ಒಪ್ಪಿದರೆ ಅವರ ಖಾಸಗಿ ಜಾಗದಲ್ಲಿ ಓಡಿಸಬಹುದು. ಒಂದು ರೂಮಿನಲ್ಲಿ ಇರುವವನಿಗೆ ಖಾಸಗಿ ಜಾಗ ಎಲ್ಲಿಂದ ಬರಬೇಕು?

ಆದರೆ ಅಂಗಡಿಯಲ್ಲಿ ಮಾರುತ್ತಾರೆ, ವಿಡಿಯೋದಲ್ಲಿ ಎಷ್ಟೋ ಜನ ಓಡಿಸುತ್ತಾರೆ ಅಂತ ಬರೆದಿದ್ದೀಯ. ನಾನೂ ಅದನ್ನೇ ನೋಡಿ ಕೆಟ್ಟೆ.

2018ರ ಜನವರಿಯಲ್ಲಿ ಧಾರವಾಡದಿಂದ ಬಂದು ಲಂಡನ್ನಿನ ಹ್ಯಾರೋದಲ್ಲಿ ಒಂದು ರೂಮು ಹಿಡಿದೆ. ನಮ್ಮ ದೇಶದ ಲೈಸೆನ್ಸನ್ನು ಇಲ್ಲಿ ಬದಲಾಯಿಸಿ ಕೊಡುವುದಿಲ್ಲ, ಮೊದಲಿನಿಂದ ಪರೀಕ್ಷೆ ಬರೀಬೇಕು. ಧಾರವಾಡದ ಟೋಲ್ ನಾಕಾದ ಟ್ರಾಫಿಕ್ಕಿನಲ್ಲಿ ಕಾರು ಓಡಿಸಿದವನು ನಾನು, ಆದರೂ ಇಲ್ಲಿ ಎರಡನೇ ಸಲಕ್ಕೆ ಪಾಸಾದೆ, 2020ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಕೋವಿಡ್. ರೈಲು ಹತ್ತಲು ಹೆದರಿಕೆ. ಒಂದು ದೊಡ್ಡ ಅಂಗಡಿಯಲ್ಲಿ ಸ್ಕೂಟರ್ ಕೊಂಡೆ, ಹೆಲ್ಮೆಟ್ ಕೊಂಡೆ, ಸೈಕಲ್ ದಾರಿ ಬಿಟ್ಟು ಆಚೆ ಹೋಗಲಿಲ್ಲ. ಎಲ್ಲ ಸರಿಯಾಗೇ ಮಾಡುತ್ತಿದ್ದೇನೆ ಅನ್ನುವ ನಂಬಿಕೆ.

ಆಗಸ್ಟಿನಲ್ಲಿ ಒಂದು ದಿನ ಸಿಗ್ನಲ್ಲಿನಲ್ಲಿ ಪೊಲೀಸರು ನಿಲ್ಲಿಸಿದರು. ಬೈಯಲಿಲ್ಲ, ಕೂಗಾಡಲಿಲ್ಲ. ಇನ್ಶೂರೆನ್ಸ್ ಇದೆಯಾ ಅಂತ ಕೇಳಿದರು. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಾರಲ್ಲ ಅಂದೆ. ಮಾರುವುದು ತಪ್ಪಲ್ಲ, ರಸ್ತೆಗೆ ತಂದದ್ದು ತಪ್ಪು ಅಂದರು. ಮನೆಗೆ ಬಂದು ರಸೀದಿ ತೆಗೆದು ನೋಡಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಅದೇ ಮಾತು ಇತ್ತು. ಗಾಡಿಯನ್ನು ವ್ಯಾನಿಗೆ ಹಾಕಿಕೊಂಡು ಹೋದರು. 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕಕ್ಕೆ 6 ಪಾಯಿಂಟ್. ಇನ್ಶೂರೆನ್ಸ್ ತೋರಿಸಿದರೆ ಗಾಡಿ ವಾಪಸ್ ಅಂದರು, ಇನ್ಶೂರೆನ್ಸ್ ಸಿಗುವುದಿಲ್ಲ, ಅಲ್ಲಿಗೆ ಅದರ ಕತೆ ಮುಗಿಯಿತು.

ದಂಡ ಕಟ್ಟಿದೆ, ಮುಗಿಯಿತು ಅಂದುಕೊಂಡೆ. ಕೆಲವು ವಾರಕ್ಕೆ ಪತ್ರ ಬಂತು. ಪರೀಕ್ಷೆ ಪಾಸಾಗಿ ಎರಡು ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು. 1995ರ ಕಾಯ್ದೆ ಅದು, ಹೊಸ ಚಾಲಕರಿಗೆ ಅಂತಲೇ ಮಾಡಿದ್ದು. ಮತ್ತೆ ಕಲಿಯುವವರ ಲೈಸೆನ್ಸ್, ಮತ್ತೆ ಥಿಯರಿ, ಮತ್ತೆ ರಸ್ತೆ ಪರೀಕ್ಷೆ. ಲಾಕ್‌ಡೌನಿನಲ್ಲಿ ಪರೀಕ್ಷೆಗಳೇ ನಿಂತಿದ್ದವು, ಆಮೇಲೆ ಶುರುವಾದರೂ ತಾರೀಖು ಸಿಗಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಒಂದು ಸಲ ಫೇಲ್ ಆದೆ. ಲೈಸೆನ್ಸ್ ಕೈಗೆ ಬಂದದ್ದು 2022ರ ಅಕ್ಟೋಬರಿನಲ್ಲಿ.

"ನನಗೆ ಇಲ್ಲಿಯ ಲೈಸೆನ್ಸೇ ಇಲ್ಲ, ಪಾಯಿಂಟ್ ಯಾವುದರ ಮೇಲೆ ಹಾಕುತ್ತಾರೆ" ಅಂತ ನೀನು ಅನ್ನಬಹುದು. ನಿನ್ನ ಹೆಸರಿನಲ್ಲಿ ಒಂದು ದಾಖಲೆ ತೆರೆದು ಅದರಲ್ಲಿ ಬರೆದಿಡುತ್ತಾರೆ. ನಾಳೆ ನೀನು ಲೈಸೆನ್ಸಿಗೆ ಅರ್ಜಿ ಹಾಕಿದ ದಿನ ಅದು ಮೊದಲೇ ಅಲ್ಲಿ ಕೂತಿರುತ್ತದೆ. ಇನ್ಶೂರೆನ್ಸ್ ಇಲ್ಲದೆ ಓಡಿಸಿದ ಆ ಗುರುತು ನಾಲ್ಕು ವರ್ಷ ಹೋಗುವುದಿಲ್ಲ, ಕಾರಿನ ಇನ್ಶೂರೆನ್ಸಿನವರು ಇನ್ನೂ ಹಿಂದಿನದನ್ನು ಕೇಳುತ್ತಾರೆ. ನನಗೆ ಅವರು ಹೇಳಿದ ರೇಟು ಕೇಳಿ ಕಾರು ಕೊಳ್ಳುವ ಯೋಚನೆಯನ್ನೇ ಬಿಟ್ಟೆ, 2024ರವರೆಗೆ.

ರೊಕ್ಕ ಎಂದೋ ಮರೆತೆ. ಮರೆಯದ್ದು ಬೇರೆ ಇದೆ.

2022ರ ಮೇ ತಿಂಗಳಲ್ಲಿ ನನ್ನ ಅವ್ವ ಬಂದಳು. ಮೊದಲ ಸಲ ವಿಮಾನ ಹತ್ತಿದ್ದು. ಮೊಣಕಾಲು ನೋವು ಆಗಲೇ ಜೋರಾಗಿತ್ತು. ಅವಳಿಗೆ ಲಂಡನ್ನಿನಲ್ಲಿ ನೋಡಬೇಕಿದ್ದದ್ದು ಒಂದೇ, ಥೇಮ್ಸ್ ನದಿಯ ದಂಡೆಯಲ್ಲಿರುವ ಬಸವಣ್ಣನ ಪುತ್ಥಳಿ. 2015ರ ನವೆಂಬರಿನಲ್ಲಿ ಲ್ಯಾಂಬೆತ್‌ನಲ್ಲಿ ಅನಾವರಣ ಆದಾಗ ಟೀವಿಯಲ್ಲಿ ನೋಡಿದ್ದಳಂತೆ. ನಿಮ್ಮ ಭೀಷ್ಮ ಕೆರೆಯ ಬಸವಣ್ಣ 116 ಅಡಿ, ಇದು ತಲೆಯಿಂದ ಎದೆಯವರೆಗಷ್ಟೇ ಇರುವ ಸಣ್ಣದು. ಆದರೂ ಅಷ್ಟು ದೂರದ ಊರಿನಲ್ಲಿ ನಮ್ಮ ಅಣ್ಣ ನಿಂತಿದ್ದಾನೆ ಅನ್ನುವುದು ಅವಳಿಗೆ ದೊಡ್ಡದು. ಧಾರವಾಡದಿಂದಲೇ ವಿಭೂತಿ ಕಟ್ಟಿಕೊಂಡು ಬಂದಿದ್ದಳು.

ಕಾರು ಇಲ್ಲ. ಟ್ಯಾಕ್ಸಿ ಮಾಡೋಣ ಅಂದೆ. ಎಷ್ಟಾಗುತ್ತದೆ ಅಂತ ಕೇಳಿದಳು, ನಲವತ್ತು ಪೌಂಡ್ ಅಂದೆ. "ಯಪ್ಪಾ, ನಾಕ ಸಾವಿರ ಸನೇಕ ಆತಲ್ಲೊ. ಅಷ್ಟರಾಗ ಮನಿ ಮಂದಿ ಎಲ್ಲಾ ಕೂಡಲಸಂಗಮಕ್ಕ ಹೋಗಿ ಬರಬಹುದು" ಅಂದಳು. ಜಗಳ ಮಾಡಿದರೂ ಒಪ್ಪಲಿಲ್ಲ. ರೈಲಿನಲ್ಲಿ ಹೊರಟೆವು. ಹ್ಯಾರೋ ಸ್ಟೇಶನ್ನಿನವರೆಗೆ ನಡಿಗೆ, ಒಂದು ಕಡೆ ರೈಲು ಬದಲಿ, ಗ್ರೀನ್ ಪಾರ್ಕಿನಲ್ಲಿ ಮತ್ತೆ ಬದಲಿ. ಅಲ್ಲಿ ಒಂದು ಲೈನಿನಿಂದ ಇನ್ನೊಂದಕ್ಕೆ ಹೋಗುವ ಸುರಂಗದ ದಾರಿ ನೀನೂ ನೋಡುತ್ತೀಯ, ಮುಗಿಯುವುದೇ ಇಲ್ಲ. ಅರ್ಧಕ್ಕೆ ಗೋಡೆ ಹಿಡಿದು ನಿಂತಳು. ಹೇಗೋ ಪ್ಲಾಟ್‌ಫಾರ್ಮಿನ ಬೆಂಚಿನವರೆಗೆ ಕರೆದುಕೊಂಡು ಹೋದೆ. ಇನ್ನು ವಾಕ್ಸ್‌ಹಾಲ್‌ನಲ್ಲಿ ಇಳಿದು ನದಿಯ ದಂಡೆ ಹಿಡಿದು ನಡೆಯಬೇಕು. ಎರಡು ರೈಲು ಬಂದು ಹೋದವು. ವಿಭೂತಿಯ ಗಂಟು ನನ್ನ ಕೈಗೆ ಕೊಟ್ಟು, "ಇಲ್ಲಿಂದನ ಶರಣು ಮಾಡತೀನಿ. ನೀ ಹೋದಾಗ ಹಚ್ಚು" ಅಂದಳು. ಅಲ್ಲಿಂದಲೇ ವಾಪಸ್ ಬಂದೆವು.

ಮುಂದಿನ ಭಾನುವಾರ ನಾನೊಬ್ಬನೇ ಹೋಗಿ ಹಚ್ಚಿ ಬಂದೆ. ಆಮೇಲೆ ಎಷ್ಟು ಕರೆದರೂ ಅವ್ವ ಬರಲಿಲ್ಲ, ಈಗ ಮನೆಯ ಮೆಟ್ಟಿಲು ಇಳಿಯುವುದೂ ಕಷ್ಟ. ನನ್ನ ಲೈಸೆನ್ಸ್ ಬಂದದ್ದು ಅವಳು ಊರಿಗೆ ಹೋದ ಮೇಲೆ. ಎರಡು ತಿಂಗಳು ಸುಮ್ನೆ ಬಸ್ಸಿನಲ್ಲಿ ಓಡಾಡಿದ್ದರೆ, ಆ ಸ್ಕೂಟರ್ ಮುಟ್ಟದೇ ಇದ್ದಿದ್ದರೆ, ಅವಳನ್ನು ನದಿಯ ಪಕ್ಕದವರೆಗೆ ಕೂರಿಸಿಕೊಂಡು ಹೋಗುತ್ತಿದ್ದೆ.

ಉಳಿದದ್ದು ಬೇಗ ಹೇಳುತ್ತೇನೆ. ವಿಮಾನದಲ್ಲಿ 160 ವ್ಯಾಟ್ ಅವರ್ ಮೀರಿದ ಬ್ಯಾಟರಿ ತರುವಂತಿಲ್ಲ, ನಿನ್ನ ಗಾಲಿಯದು ಖಂಡಿತ ಜಾಸ್ತಿ ಇರುತ್ತದೆ, ಏರ್‌ಪೋರ್ಟಿನಲ್ಲೇ ತೆಗೆದಿಡಿಸುತ್ತಾರೆ. ಲಂಡನ್ನಿನ ಟ್ಯೂಬ್ (ನೆಲದಡಿಯ ರೈಲು), ಬಸ್ಸುಗಳಲ್ಲಿ 2021ರ ಡಿಸೆಂಬರ್ 13ರಿಂದ ಸ್ವಂತ ಎಲೆಕ್ಟ್ರಿಕ್ ಸ್ಕೂಟರ್, ಯೂನಿಸೈಕಲ್ ಎರಡೂ ನಿಷೇಧ, ಮಡಚಿ ಚೀಲದಲ್ಲಿ ಇಟ್ಟರೂ ಇಲ್ಲ. ಅದಕ್ಕೂ ಮೊದಲು ಒಂದು ರೈಲಿನಲ್ಲಿ ಸ್ಕೂಟರಿನ ಬ್ಯಾಟರಿಗೆ ಬೆಂಕಿ ಹತ್ತಿತ್ತು.

ಕಾನೂನಿನಂತೆ ಓಡಿಸಬಹುದಾದ ಸ್ಕೂಟರ್ ಅಂದರೆ ಬಾಡಿಗೆಯದು ಮಾತ್ರ. ಲಂಡನ್ನಿನಲ್ಲಿ 2021ರ ಜೂನಿನಿಂದ ಪ್ರಯೋಗ ಅಂತ ನಡೆದಿದೆ, ಒಪ್ಪಿದ ಬಡಾವಣೆಗಳಲ್ಲಿ ಮಾತ್ರ. ಇನ್ಶೂರೆನ್ಸನ್ನು ಬಾಡಿಗೆ ಕೊಡುವವರೇ ಮಾಡಿಸಿರುತ್ತಾರೆ. 18 ವರ್ಷ ಆಗಿರಬೇಕು, ವೇಗ ಗಂಟೆಗೆ 12.5 ಮೈಲಿ, ಗಡಿ ದಾಟಿದರೆ ಗಾಡಿ ತಾನೇ ನಿಧಾನವಾಗಿ ನಿಲ್ಲುತ್ತದೆ. ಗದಗಿನ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಬಂದ 12 ತಿಂಗಳು ಕಾನೂನು ಒಪ್ಪುತ್ತದೆ. ಆದರೂ ಇಲ್ಲಿಯ ಪ್ರೊವಿಷನಲ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಿಕೋ, ಆನ್‌ಲೈನಿನಲ್ಲಿ 34 ಪೌಂಡ್, ಗುರುತಿನ ಚೀಟಿಯೂ ಆಗುತ್ತದೆ. ಕುಡಿದು ಓಡಿಸಿದರೆ ಕಾರಿನದೇ ಕಾನೂನು.

ನನ್ನನ್ನು ಕೇಳಿದರೆ ಪೆಡಲ್ ಇರುವ ಎಲೆಕ್ಟ್ರಿಕ್ ಸೈಕಲ್ ಕೊಳ್ಳು. 250 ವ್ಯಾಟ್, ಗಂಟೆಗೆ 15.5 ಮೈಲಿಗೆ ಮೋಟಾರು ಕೈ ಬಿಡಬೇಕು, ಅಷ್ಟಿದ್ದರೆ ಅದು ಸೈಕಲ್ಲೇ, ಲೈಸೆನ್ಸ್ ಇನ್ಶೂರೆನ್ಸ್ ಯಾವುದೂ ಬೇಡ. ಟ್ಯೂಬಿನಲ್ಲಿ ಒಯ್ಯಬೇಕು ಅಂದರೆ ಮಡಚುವಂಥದ್ದೇ ಆಗಬೇಕು. ಮೊದಲ ಎರಡು ತಿಂಗಳು ಬಸ್ಸು ಸಾಕು: ಒಂದು ಸಲ ರೊಕ್ಕ ಕೊಟ್ಟರೆ ಒಂದು ತಾಸಿನೊಳಗೆ ಎಷ್ಟು ಬಸ್ ಬದಲಿಸಿದರೂ ಅಷ್ಟೇ.

ಚಳಿಗೆ ಇಲ್ಲೇ ಕೊಳ್ಳು, ಅಲ್ಲಿಯ ಸ್ವೆಟರ್ ಸಾಲುವುದಿಲ್ಲ. ಪೇಡೆ ತರಬೇಡ, ಹಾಲಿನ ಪದಾರ್ಥ ತರುವಂತಿಲ್ಲ. ಶೇಂಗಾ ಚಟ್ನಿ, ಖಡಕ್ ರೊಟ್ಟಿ ತಾ, ನನಗೂ ನಾಲ್ಕು ಇಟ್ಟಿರು. ಒಂದು ಭಾನುವಾರ ಕಾರಿನಲ್ಲಿ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ, ಬಸವಣ್ಣನ ಮುಂದೆ ನಿಂತು ಅವ್ವನಿಗೆ ವಿಡಿಯೋ ಕಾಲ್ ಮಾಡೋಣ, ಬೆಟಗೇರಿಯ ಹುಡುಗ ಅಂದರೆ ಅವಳು ಎಲ್ಲ ವಿಚಾರಿಸುತ್ತಾಳೆ.

ಆ ಗಾಲಿಯನ್ನು ಮಾರಬೇಡ, ಮನೆಯಲ್ಲೇ ಇಡು. ಬ್ಯಾಟರಿ ಪೂರ್ತಿ ತುಂಬಬೇಡ, ಪೂರ್ತಿ ಖಾಲಿಯೂ ಬಿಡಬೇಡ. ಅರ್ಧ ಚಾರ್ಜ್ ಮಾಡಿ ತಂಪು ಜಾಗದಲ್ಲಿಟ್ಟು ಬಾ, ಎರಡು ಮೂರು ತಿಂಗಳಿಗೊಮ್ಮೆ ನೋಡಲು ತಂಗಿಗೆ ಹೇಳು.